ಕ್ಷೇತ್ರ ನಂಬರ್ ಒಂದು: ಮಂಜೇಶ್ವರ

89 ವೋಟು ಅಂದ್ರೆ ಎಷ್ಟು? ಬೆಂಗಳೂರಿನ ದೊಡ್ಡ ಅಪಾರ್ಟ್‌ಮೆಂಟಾದರೆ ಒಂದೇ ಟವರಿನ ನಾಲ್ಕೈದು ಮಹಡಿಯಲ್ಲಿ ಅಷ್ಟು ಮತದಾರರು ಸಿಗ್ತಾರೆ, ಅವರಲ್ಲಿ ಅರ್ಧ ಜನ ವೋಟಿನ ದಿನ ಕೂರ್ಗ್‌ಗೆ ಹೋಗಿರ್ತಾರೆ ಅನ್ನೋದು ಬೇರೆ ಮಾತು. 2016ರಲ್ಲಿ ಕೇರಳ ವಿಧಾನಸಭೆಯ ಮಂಜೇಶ್ವರ ಕ್ಷೇತ್ರ ತೀರ್ಮಾನವಾಗಿದ್ದು ಅಷ್ಟೇ ವೋಟಿನಲ್ಲಿ. ಮುಸ್ಲಿಂ ಲೀಗಿನ ಪಿ.ಬಿ. ಅಬ್ದುಲ್ ರಜಾಕ್‌ಗೆ 56,870, ಬಿಜೆಪಿಯ ಕೆ. ಸುರೇಂದ್ರನ್‌ಗೆ 56,781.

ಕೇರಳದ 140 ಕ್ಷೇತ್ರಗಳ ಈಗಿನ ಪಟ್ಟಿ ಉತ್ತರದಿಂದ ಶುರುವಾಗುತ್ತೆ. ಹಾಗಾಗಿ ಮಂಜೇಶ್ವರ ಅಲ್ಲಿ ನಂಬರ್ ಒಂದು. ರಾಜಧಾನಿಯಿಂದ ನೋಡಿದರೆ ಮಾತ್ರ ಅದೇ ಕಟ್ಟಕಡೆಯದು. ತಿರುವನಂತಪುರ ಸುಮಾರು 600 ಕಿಲೋಮೀಟರ್ ದೂರ, ಮಂಗಳೂರು ಅರ್ಧ ಗಂಟೆಯ ಹಾದಿ. ಮಂಜೇಶ್ವರ, ವರ್ಕಾಡಿ, ಮೀಂಜ, ಮಂಗಲ್ಪಾಡಿ, ಪೈವಳಿಕೆ, ಕುಂಬಳೆ, ಪುತ್ತಿಗೆ, ಎಣ್ಮಕಜೆ ಎಂಬ ಎಂಟು ಪಂಚಾಯತಿಗಳು ಸೇರಿ ಈ ಕ್ಷೇತ್ರ. ರಾಷ್ಟ್ರಕವಿ ಗೋವಿಂದ ಪೈಗಳ ಊರು ಇಲ್ಲಿದೆ. ಯಕ್ಷಗಾನದ ಪಾರ್ತಿಸುಬ್ಬನ ಕುಂಬಳೆಯೂ ಇದೇ, ಅನಿಲ್ ಕುಂಬ್ಳೆ ಹೆಸರಿನಲ್ಲಿರುವ ಊರೂ ಅದೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಸರ್ಕಾರಿ ಕಚೇರಿಯಲ್ಲಿ ಮಲಯಾಳ, ಪೇಟೆಯಲ್ಲಿ ಬ್ಯಾರಿ, ಕೊಂಕಣಿ, ಮರಾಠಿ, ಉರ್ದು. ನಮ್ಮಲ್ಲಿ ಬಹಳ ಜನರಿಗೆ ಈ ಸೀಮೆ ಗೊತ್ತಾಗಿದ್ದು 2018ರಲ್ಲಿ, ಕಾಸರಗೋಡಿನ ಕನ್ನಡ ಶಾಲೆಯ ಬಗ್ಗೆ ರಿಷಬ್ ಶೆಟ್ಟಿ ಸಿನಿಮಾ ಮಾಡಿದಾಗ. ಥಿಯೇಟರಿನಿಂದ ಹೊರಗೆ ಬರುವಾಗ ಎಲ್ಲರ ಬಾಯಲ್ಲೂ ಒಂದೇ ಮಾತು, 'ಕಾಸರಗೋಡು ನಮ್ಮದೇ ಅಲ್ವಾ?'

ಆ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಬೇಕು ಅಂತ ನನಗೆ ಅನ್ನಿಸುತ್ತೆ. ಅಲ್ಲಿನ ಜನ ಯಾರನ್ನು 'ನಮ್ಮವರು' ಅಂತ ಆರಿಸಿ ಕಳಿಸಿದರು? ಕಳಿಸಿದ್ದರಿಂದ ಏನಾಯಿತು?

1956ರ ಅಕ್ಟೋಬರ್ 31ರವರೆಗೆ ಇದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು, ಆ ಜಿಲ್ಲೆ ಮದ್ರಾಸಿನ ಭಾಗ. ಫಜಲ್ ಅಲಿ, ಕುಂಜ್ರು, ಕೆ.ಎಂ. ಪಣಿಕ್ಕರ್ ಇದ್ದ ರಾಜ್ಯ ಪುನರ್‌ವಿಂಗಡಣಾ ಆಯೋಗ ಇಡೀ ತಾಲೂಕನ್ನು ಒಂದು ಘಟಕ ಅಂತ ಲೆಕ್ಕ ಹಾಕಿತು. ಚಂದ್ರಗಿರಿ ಹೊಳೆಯ ದಕ್ಷಿಣದ ಊರುಗಳೂ ಸೇರಿದರೆ ಮಲಯಾಳ ಮಾತಾಡುವವರೇ ಹೆಚ್ಚು. ಹೊಳೆಯ ಉತ್ತರದ ಭಾಗವನ್ನೇ ಬೇರೆಯಾಗಿ ನೋಡಿ, ತುಳುವರನ್ನು ಕನ್ನಡದ ಜೊತೆ ಎಣಿಸಿ ಅನ್ನೋದು ಕನ್ನಡಿಗರ ವಾದ. ಆ ವಾದ ನಿಲ್ಲಲಿಲ್ಲ. ನವೆಂಬರ್ 1ರಂದು ಇಲ್ಲಿ ನಾವು ಹಬ್ಬ ಮಾಡಿದ ದಿನವೇ ಅವರು ಕೇರಳದವರಾದರು. ನಮ್ಮ ರಾಜ್ಯೋತ್ಸವಕ್ಕೂ ಅವರ ದುಃಖಕ್ಕೂ ತಾರೀಖು ಒಂದೇ.

ನಾಲ್ಕೇ ತಿಂಗಳಿಗೆ ಕೇರಳದ ಮೊದಲ ಚುನಾವಣೆ ಬಂತು. ಆ ಚುನಾವಣೆ ಅಂದರೆ ನಮಗೆ ನೆನಪಾಗೋದು ಇ.ಎಂ.ಎಸ್. ಸರ್ಕಾರ. ಅದೇ ಚುನಾವಣೆಯಲ್ಲಿ ಮಂಜೇಶ್ವರದಲ್ಲಿ ಮತದಾನವೇ ನಡೆಯಲಿಲ್ಲ! ಪಕ್ಷೇತರ ಎಂ. ಉಮೇಶ ರಾವ್ ಅವಿರೋಧವಾಗಿ ಆಯ್ಕೆಯಾದರು. ಎದುರಾಳಿಯಿಲ್ಲದ ಗೆಲುವು ಅಂದರೆ ಎಲ್ಲರೂ ಒಪ್ಪಿದ್ದಾರೆ ಅಂತ ತಾನೇ ಅರ್ಥ? ಆದರೆ 126 ಸದಸ್ಯರ ಸಭೆಯಲ್ಲಿ ಅದು ಒಂದೇ ಸೀಟು.

1960ರಲ್ಲಿ ಕರ್ನಾಟಕ ಸಮಿತಿಯ ಕೆ. ಮಹಾಬಲ ಭಂಡಾರಿ ಗೆದ್ದರು. 1965ರಲ್ಲೂ ಅವರೇ, 1967ರಲ್ಲೂ ಅವರೇ. 1967ರಲ್ಲಿ ಪಕ್ಕದ ಕಾಸರಗೋಡು ಕ್ಷೇತ್ರದಲ್ಲೂ ಸಮಿತಿಯ ಯು.ಪಿ. ಕುಣಿಕುಳ್ಳಾಯ ಗೆದ್ದರು. ವಿಲೀನದ ಬೇಡಿಕೆಯಿದ್ದ ಎರಡೂ ಕ್ಷೇತ್ರಗಳು ಒಂದೇ ಸಲ, ಒಂದೇ ದನಿಯಲ್ಲಿ 'ನಾವು ಮೈಸೂರು ರಾಜ್ಯಕ್ಕೆ ಸೇರಬೇಕು' ಅಂದವು. ಅದೇ ವರ್ಷ ಆಗಸ್ಟಿನಲ್ಲಿ ಮಹಾಜನ್ ಆಯೋಗದ ವರದಿಯೂ ಬಂತು. ಚಂದ್ರಗಿರಿಯ ಉತ್ತರದ ಭಾಗ ಮೈಸೂರಿಗೆ ಸೇರಲಿ ಅಂತ ಅದೂ ಹೇಳಿತು.

ಜನ ಹೇಳಿದರು, ಆಯೋಗವೂ ಹೇಳಿತು. ಆದರೂ ಏನೂ ಆಗಲಿಲ್ಲ.

ಯಾಕೆ ಅಂದ್ರೆ, ಆ ಆಯೋಗ ಹುಟ್ಟಿದ್ದೇ ಬೆಳಗಾವಿ ಜಗಳಕ್ಕೆ. ಬೆಳಗಾವಿ ಸಿಗಲಿಲ್ಲ ಅಂತ ಮಹಾರಾಷ್ಟ್ರ ವರದಿಯನ್ನು ತಿರಸ್ಕರಿಸಿತು, ಕಾಸರಗೋಡು ಕೊಡಲ್ಲ ಅಂತ ಕೇರಳವೂ ತಿರಸ್ಕರಿಸಿತು. ನಾವು ಮಾತ್ರ ಒಪ್ಪಿಕೊಂಡೆವು. 'ಮಹಾಜನ್ ವರದಿಯೇ ಅಂತಿಮ' ಅನ್ನೋ ಮಾತು ಅಂದಿನಿಂದ ಇಂದಿನವರೆಗೂ ನಮ್ಮ ರಾಜಕಾರಣಿಗಳ ಬಾಯಲ್ಲಿದೆ. ಆದರೆ ಅದನ್ನು ಬಳಸೋದು ಬೆಳಗಾವಿಯನ್ನು ಉಳಿಸಿಕೊಳ್ಳೋಕೆ. ಅದೇ ವರದಿಯ ಕಾಸರಗೋಡಿನ ಪುಟ ಯಾರಿಗೆ ನೆನಪಾಗುತ್ತೆ ಹೇಳಿ?

ಇಲ್ಲಿಯವರೆಗಿನ ಕಥೆ ಕನ್ನಡದಲ್ಲಿ ಬಹಳ ಸಲ ಬಂದಿದೆ. ಇದರ ಮುಂದಿನದನ್ನು ನಾವು ಅಷ್ಟಾಗಿ ಹೇಳಲ್ಲ. 1970ರ ಚುನಾವಣೆಯಲ್ಲಿ ಮಂಜೇಶ್ವರ ಸಿಪಿಐನ ಎಂ. ರಾಮಪ್ಪ ಅವರನ್ನು ಆರಿಸಿತು. 1977ರಲ್ಲಿ ಮತ್ತೆ ರಾಮಪ್ಪ. 1980 ಮತ್ತು 1982ರಲ್ಲಿ ಅದೇ ಪಕ್ಷದ ಎ. ಸುಬ್ಬರಾವ್, 1980ರ ನಾಯನಾರ್ ಸರ್ಕಾರದಲ್ಲಿ ನೀರಾವರಿ ಮಂತ್ರಿ ಕೂಡ. ಮಹಾಜನ್ ವರದಿ ಬಂದ ಮೂರೇ ವರ್ಷಕ್ಕೆ ಜನ ವಿಲೀನದ ಪಕ್ಷ ಬಿಟ್ಟು ತಿರುವನಂತಪುರದಲ್ಲಿ ಅಧಿಕಾರ ಹಿಡಿಯಬಲ್ಲ ಪಕ್ಷದ ಕಡೆ ಹೋದರು. ಕನ್ನಡದ ಮೇಲಿನ ಪ್ರೀತಿ ಕಡಿಮೆ ಆಯ್ತಾ?

ನನಗೆ ಹಾಗನ್ನಿಸಲ್ಲ. 1970ರ ಜನವರಿ 1ರಂದು ಏನಾಯಿತು ನೋಡಿ. ಕೇರಳದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾನೂನು ಜಾರಿಗೆ ಬಂತು, ಗೇಣಿ ಪದ್ಧತಿ ಮುಗಿಯಿತು. ಆಗ ಅಲ್ಲಿದ್ದದ್ದು ಸಿಪಿಐನ ಅಚ್ಯುತ ಮೆನನ್ ಸರ್ಕಾರ. ಗಡಿಯ ಈಚೆ, ಬಂಟ್ವಾಳದಲ್ಲೋ ಪುತ್ತೂರಿನಲ್ಲೋ ಚಾಲಗೇಣಿಗೆ ಉಳುತ್ತಿದ್ದ ಅವರದೇ ನೆಂಟರು ಇದೇ ಭಾಗ್ಯಕ್ಕೆ 1974ರ ಮಾರ್ಚ್ ತನಕ ಕಾಯಬೇಕಾಯಿತು. ಮಂಜೇಶ್ವರದ ಒಬ್ಬ ಗೇಣಿದಾರನ ಜಾಗದಲ್ಲಿ ನಿಂತು ಯೋಚಿಸಿ. ಮಾತು ಕನ್ನಡದ್ದು, ಗದ್ದೆ ಕೇರಳ ಕೊಟ್ಟದ್ದು. ವೋಟು ಯಾರಿಗೆ? ಅವನ ಎರಡು ಹಕ್ಕುಗಳಿಗೆ ಎರಡು ವೋಟು ಇರಲಿಲ್ಲ. ಪ್ರಾತಿನಿಧ್ಯ ಅನ್ನೋ ದೊಡ್ಡ ಪದದ ಕಷ್ಟ ಇರೋದೇ ಇಲ್ಲಿ. ಮನುಷ್ಯ ಏಕಕಾಲಕ್ಕೆ ಕನ್ನಡಿಗ, ರೈತ, ಮುಸ್ಲಿಂ, ತುಳುವ, ಬೀಡಿ ಕಟ್ಟುವವನು ಎಲ್ಲವೂ ಆಗಿರ್ತಾನೆ. ಬ್ಯಾಲೆಟ್ ಪೇಪರಿನ ಮೇಲೆ ಒತ್ತೋ ಮುದ್ರೆ ಒಂದೇ.

1987ರಿಂದ ಕ್ಷೇತ್ರ ಮತ್ತೆ ಮಗ್ಗುಲು ಬದಲಿಸಿತು. ಮುಸ್ಲಿಂ ಲೀಗಿನ ಚೆರ್ಕಳಂ ಅಬ್ದುಲ್ಲ ಸಾಲಾಗಿ ನಾಲ್ಕು ಸಲ ಗೆದ್ದರು, 2001ರಲ್ಲಿ ಮಂತ್ರಿಯೂ ಆದರು. 2006ರಲ್ಲಿ ಸಿಪಿಎಂನ ಸಿ.ಎಚ್. ಕುಂಞಂಬು, 2011ರಿಂದ ಮತ್ತೆ ಲೀಗ್. ಎರಡನೇ ಸ್ಥಾನದಲ್ಲಿ ಬಿಜೆಪಿ ಬೇರೂರಿತು. ಚುನಾವಣೆ ಭಾಷೆಯ ಗೆರೆ ಬಿಟ್ಟು ಧರ್ಮದ ಗೆರೆಯ ಮೇಲೆ ನಡೆಯೋಕೆ ಶುರುವಾದ ಮೇಲೆ ಪ್ರತಿ ವೋಟಿಗೂ ಬೆಲೆ ಬಂತು, ಪ್ರತಿ ಸಮಸ್ಯೆಗೂ ಬಂತು ಅಂತ ಹೇಳೋಕಾಗಲ್ಲ. ಎಣ್ಮಕಜೆಯ ಪಡ್ರೆ, ಸ್ವರ್ಗದಂಥ ಹಳ್ಳಿಗಳಲ್ಲಿ ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯುತ್ತಿದ್ದಾಗ ಆ ಊರುಗಳಿಗೂ ಒಬ್ಬ ಶಾಸಕರಿದ್ದರು. ಆದರೆ ಮೊದಲು ದನಿ ಎತ್ತಿದವರಲ್ಲಿ ನೆನಪಾಗೋದು ಪತ್ರಕರ್ತ ಶ್ರೀಪಡ್ರೆ ಮತ್ತು ಸ್ವರ್ಗದ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್. ವೋಟು ಹಾಕಿ ಆರಿಸದ ಪ್ರತಿನಿಧಿಗಳೂ ಇರ್ತಾರೆ.

ಇನ್ನು ಆ 89 ವೋಟಿನ ಕಥೆ. ಸತ್ತವರ, ವಿದೇಶದಲ್ಲಿದ್ದವರ ಹೆಸರಲ್ಲಿ ವೋಟು ಬಿದ್ದಿದೆ ಅಂತ ಸುರೇಂದ್ರನ್ ಹೈಕೋರ್ಟಿಗೆ ಹೋದರು. ಕೇಸು ನಡೆಯುತ್ತಿರುವಾಗಲೇ, 2018ರ ಅಕ್ಟೋಬರಿನಲ್ಲಿ ರಜಾಕ್ ತೀರಿಕೊಂಡರು. ಮುಂದೆ ಅರ್ಜಿಯನ್ನು ವಾಪಸ್ ಪಡೆದರು. ಉಪಚುನಾವಣೆ ನಡೆದದ್ದು 2019ರ ಅಕ್ಟೋಬರ್ 21ಕ್ಕೆ. ಅಂದರೆ ಪೂರಾ ಒಂದು ವರ್ಷ ಕ್ಷೇತ್ರ ನಂಬರ್ ಒಂದಕ್ಕೆ ಶಾಸಕರೇ ಇರಲಿಲ್ಲ.

ಅದಾಗಿ ಐದು ತಿಂಗಳಿಗೆ ಕೊರೊನಾ. ಇದನ್ನು ಬರೆಯೋಕೆ ನನಗೆ ನಾಚಿಕೆಯಾಗುತ್ತೆ. 2020ರ ಮಾರ್ಚಿನಲ್ಲಿ ಕರ್ನಾಟಕ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಆ ಭಾಗದ ಜನಕ್ಕೆ ದೊಡ್ಡಾಸ್ಪತ್ರೆ ಅಂದರೆ ಹಿಂದಿನಿಂದಲೂ ಮಂಗಳೂರೇ. ಆಂಬುಲೆನ್ಸ್‌ಗಳು ಗಡಿಯಿಂದ ವಾಪಸ್ ಹೋದವು, ಆಸ್ಪತ್ರೆ ತಲುಪಲಾಗದೆ ರೋಗಿಗಳು ಸತ್ತರು. ಕೇರಳ ಹೈಕೋರ್ಟು ದಾರಿ ಬಿಡಿಸಿ ಅಂತ ಆದೇಶ ಮಾಡಿತು, ನಾವು ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದೆವು. ಕೊನೆಗೆ ಏಪ್ರಿಲಿನಲ್ಲಿ ರೋಗಿಗಳಿಗಷ್ಟೇ ದಾರಿ ಸಿಕ್ಕಿತು. ಅರವತ್ತು ವರ್ಷ 'ಕಾಸರಗೋಡು ನಮ್ಮದು' ಅಂದವರು ನಾವು. ಬೇಕಾದಾಗ ಅವರ ಪರವಾಗಿ ವಾದ ಮಾಡಿದ್ದು ಅವರು ವೋಟು ಹಾಕಿದ ರಾಜ್ಯ. ನಮ್ಮ ಮೇಲೆ ಒತ್ತಡ ಹಾಕೋಕೆ ಅವರ ಹತ್ತಿರ ಒಂದು ವೋಟೂ ಇರಲಿಲ್ಲ.

2021ರಲ್ಲಿ ಲೀಗಿನ ಎ.ಕೆ.ಎಂ. ಅಶ್ರಫ್ ಅದೇ ಸುರೇಂದ್ರನ್ ಎದುರು 745 ವೋಟಿನಲ್ಲಿ ಗೆದ್ದರು. ಮೇ 24ರಂದು ತಿರುವನಂತಪುರದ ಸಭೆಯಲ್ಲಿ ಅವರು ಎದ್ದು ನಿಂತು ಪ್ರಮಾಣವಚನ ಸ್ವೀಕರಿಸಿದ್ದು ಕನ್ನಡದಲ್ಲಿ. ಸಂವಿಧಾನದ 210ನೇ ವಿಧಿ, ಬೇರೆ ಭಾಷೆಯಲ್ಲಿ ಸರಿಯಾಗಿ ಹೇಳಲಾಗದ ಸದಸ್ಯನಿಗೆ ಸ್ಪೀಕರ್ ಅನುಮತಿ ಕೊಟ್ಟರೆ ತಾಯ್ನುಡಿಯಲ್ಲಿ ಮಾತಾಡೋ ಅವಕಾಶ ಇಟ್ಟಿದೆ. ಕನ್ನಡ ಶಾಲೆಗೆ ಕನ್ನಡ ಬರದ ಮೇಷ್ಟ್ರು ಬಂದಾಗ ಕೇಳಬೇಕಾದವರೂ ಅಲ್ಲಿ ಕೂತಿರುವ ಆ ಒಬ್ಬರೇ, ಅವರ ಪಕ್ಷ ಯಾವುದಾದರೂ ಇರಲಿ.

ಕನ್ನಡ ಅಂದರೆ ಇಂಥವರದು ಅಂತ ನಮ್ಮ ತಲೆಯಲ್ಲಿ ಒಂದು ಚಿತ್ರ ಇರುತ್ತಲ್ಲ, ಆ ಪ್ರಮಾಣವಚನದ ವೀಡಿಯೊ ಸಿಕ್ಕರೆ ಒಮ್ಮೆ ನೋಡಿ. ಆಮೇಲೆ ಮುಂದಿನ ನವೆಂಬರಿನಲ್ಲಿ ಸ್ಟೇಟಸ್ ಹಾಕುವ ಮೊದಲು ತಲಪಾಡಿಯ ಮಣ್ಣಿನ ರಾಶಿಯನ್ನೂ ನೆನಪಿಸಿಕೊಳ್ಳಿ.