ಪಕ್ಕದವನ ಬಡ್ತಿ



ನಾನು ಮ್ಯಾಟ್ರಿಕ್ ಮುಗಿಸಿ ಬ್ಯಾಂಕಿನಲ್ಲಿ ಕಾರಕೂನನಾಗಿ ಸೇರಿದವನು, ಕಾರಕೂನನಾಗಿಯೇ ನಿವೃತ್ತನಾದವನು. ನಡುವೆ ಒಮ್ಮೆ ಬಡ್ತಿ ಪರೀಕ್ಷೆ ಬಂತು. ಜೊತೆಗೇ ನೌಕರಿಗೆ ಹತ್ತಿದ ಗೆಳೆಯ ಅರ್ಜಿ ಹಾಕಿದನೆಂದು ನಾನೂ ಹಾಕಿದೆ. ಅವನು ಪಾಸಾಗಿ ಆಫೀಸರ್ ಆದ, ನಾನು ಉಳಿದೆ. 1995ರ ಫೆಬ್ರವರಿಯಲ್ಲಿ ಬ್ಯಾಂಕ್ ನೌಕರರ ವೇತನ ಒಪ್ಪಂದವಾಯಿತು. ಪಗಾರ ಏರಿತು, ಹಿಂದಿನ ಬಾಕಿಯೂ ಕೈಗೆ ಬಂತು. ಮನೆಯವರೆಲ್ಲ ಹಿಗ್ಗಿದರು. ನನ್ನ ಕಣ್ಣ ಮುಂದೆ ಮಾತ್ರ ಅವನ ಪಗಾರವೇ. ಅವನ ಹೊಸ ಮನೆಯ ವಾಸ್ತುಶಾಂತಿಗೂ ಕಾಲುನೋವೆಂದು ಸುಳ್ಳು ಹೇಳಿ ಹೋಗಲಿಲ್ಲ.

ಇದು ನನ್ನೊಬ್ಬನ ಸಣ್ಣತನವೋ, ಮನುಷ್ಯನ ಸ್ವಭಾವವೇ ಹೀಗೋ? ನಿವೃತ್ತಿಯ ನಂತರ ಓದುತ್ತ ಹೋದಾಗ ಈ ಪ್ರಶ್ನೆಗೂ ಒಂದು ಇತಿಹಾಸವಿದೆ ಎಂದು ತಿಳಿಯಿತು.

ಅದು ಎರಡನೆಯ ಮಹಾಯುದ್ಧದ ಕಾಲ. ಸೈನಿಕರ ಮನಸ್ಸನ್ನು ಅರಿಯಲು ಅಮೆರಿಕದ ಸೇನೆ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ಅವರ ನೆರವು ಪಡೆಯಿತು. ಅವರ ತಂಡ ಲಕ್ಷಾಂತರ ಸೈನಿಕರಿಗೆ ಪ್ರಶ್ನೆ ಕೇಳಿ ಉತ್ತರ ಬರೆಸಿಕೊಂಡಿತು. ಫಲಿತಾಂಶ 1949ರಲ್ಲಿ 'ದಿ ಅಮೆರಿಕನ್ ಸೋಲ್ಜರ್' ಎಂಬ ಹೆಸರಿನಲ್ಲಿ ಅಚ್ಚಾಯಿತು.

ಆಗಿನ ಸೇನಾ ಪೊಲೀಸ್ ದಳದಲ್ಲಿ ಬಡ್ತಿ ಅಪರೂಪ. ವಾಯುದಳದಲ್ಲಿ ಬೇಗ ಬೇಗ ಸಿಗುತ್ತಿತ್ತು. ಯೋಗ್ಯನಿಗೆ ಬಡ್ತಿಯ ಅವಕಾಶ ಚೆನ್ನಾಗಿದೆಯೇ ಎಂದು ಕೇಳಿದಾಗ ಹೆಚ್ಚು ಗೊಣಗಿದವರು ಯಾರು? ಬಡ್ತಿ ಕಾಣದ ಪೊಲೀಸರಲ್ಲ, ವಾಯುದಳದವರು! ಸ್ಟೌಫರ್ ತಂಡ ಕೊಟ್ಟ ಕಾರಣ ಸರಳವಾಗಿದೆ. ಪೊಲೀಸ್ ದಳದಲ್ಲಿ ಬಡ್ತಿ ಸಿಗದವನ ಸುತ್ತ ಅವನಂಥವರೇ ಬಹಳ. ವಾಯುದಳದಲ್ಲಿ ಉಳಿದುಹೋದವನು ದಿನಾಲೂ ಮುಂದೆ ಹೋದ ಜೊತೆಗಾರರ ಮುಖ ನೋಡಬೇಕು. ಹೋಲಿಸಿ ನೋಡಿದಾಗ ಮಾತ್ರ ಚುಚ್ಚುವ ಈ ಕೊರತೆಗೆ ಅವರು ಶಾಸ್ತ್ರದಲ್ಲಿ ಒಂದು ಹೆಸರನ್ನೇ ಕೊಟ್ಟರು.

1974ರಲ್ಲಿ ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ ಇದೇ ಪ್ರಶ್ನೆಯನ್ನು ದೇಶದೇಶಗಳಿಗೆ ಹಚ್ಚಿ ನೋಡಿದರು. ಒಂದು ದೇಶದೊಳಗೆ ಬಡವರಿಗಿಂತ ಉಳ್ಳವರೇ ಹೆಚ್ಚು ಸುಖಿಗಳೆಂದು ಹೇಳಿಕೊಂಡರು. ಆದರೆ 1946ರಿಂದ 1970ರವರೆಗೆ ಅಮೆರಿಕದ ಒಟ್ಟು ಸಂಪತ್ತು ಏರಿದರೂ ಜನರ ಸುಖ ಅದರ ಜೊತೆ ಏರಲಿಲ್ಲ. ನಮ್ಮದು ಏರುವಾಗ ನೆರೆಯವರದೂ ಏರಿದರೆ ಏರಿದ್ದು ತಿಳಿಯುವುದಿಲ್ಲ ಎಂದು ಅವರ ವಾದ. ಇದನ್ನು ಎಲ್ಲರೂ ಒಪ್ಪಲಿಲ್ಲ. ದೇಶ ಶ್ರೀಮಂತವಾದಂತೆ ಜನರ ತೃಪ್ತಿಯೂ ಏರುತ್ತದೆಂದು ಬೆಟ್ಸಿ ಸ್ಟೀವನ್‌ಸನ್ ಮತ್ತು ಜಸ್ಟಿನ್ ವುಲ್ಫರ್ಸ್ 2008ರಲ್ಲಿ ಲೆಕ್ಕ ಮುಂದಿಟ್ಟರು. ವಾದ ಇನ್ನೂ ಮುಗಿದಿಲ್ಲ.

ನನ್ನ ಮಟ್ಟಿಗೆ ಹೋಲಿಕೆಗೂ ಒಂದು ಎಲ್ಲೆಯಿದೆ. 1972ರ ಬರಗಾಲ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ ಭಾಗದ ಹಿರಿಯರಿಗೆ ನೆನಪಿರಬೇಕು. ನಾನಾಗ ಹುಡುಗ. ಉಳ್ಳವರು, ಇಲ್ಲದವರು ಒಂದೇ ಸಾಲಿನಲ್ಲಿ ಕುಳಿತು ಖಡಿ ಒಡೆದರು. ಎಲ್ಲರೂ ಸಮಾನರಾದರೆಂದು ಯಾರ ಹೊಟ್ಟೆಯೂ ತುಂಬಲಿಲ್ಲ. ಹಸಿವೆಗೆ ಪಕ್ಕದವನ ತಾಟು ನೋಡುವ ಅಗತ್ಯವಿಲ್ಲ. ಆದ್ದರಿಂದ ಬಾವಿ ಬತ್ತಿದ ರೈತನಿಗೆ, ಕೂಲಿ ಸಿಗದವನಿಗೆ 'ಇದ್ದದ್ದರಲ್ಲಿ ತೃಪ್ತಿಪಡು' ಎಂದು ಉಪದೇಶ ಮಾಡುವುದು ತಪ್ಪು. ನನ್ನದು ಅಂಥ ಕೊರತೆಯಾಗಿರಲಿಲ್ಲ. ನನ್ನ ತಾಟು ತುಂಬಿತ್ತು, ಕಣ್ಣು ಮಾತ್ರ ಇನ್ನೊಂದು ತಾಟಿನ ಮೇಲಿತ್ತು.

ಕೆಲವು ವರ್ಷಗಳ ನಂತರ ಬಸ್ ಸ್ಟ್ಯಾಂಡಿನಲ್ಲಿ ಆ ಗೆಳೆಯ ಸಿಕ್ಕ. ಚಹಾ ಕುಡಿಯುತ್ತ ಅವನೆಂದ: "ನನ್ನ ಜೋಡಿ ಆಫೀಸರ್ ಆದವರೆಲ್ಲಾ ಮ್ಯಾನೇಜರ್ ಆದ್ರು ನೋಡಪಾ. ನಾ ಇನ್ನೂ ಇಲ್ಲೇ ಅದೀನಿ."

ನಾನು ಯಾರನ್ನು ನೋಡಿ ಅಷ್ಟು ವರ್ಷ ಕುದಿದೆನೋ, ಅವನೂ ಮತ್ತೊಬ್ಬರನ್ನು ನೋಡಿ ಕುದಿಯುತ್ತಿದ್ದ. ವಾಯುದಳದ ಆ ಸೈನಿಕರಂತೆ ನಾವಿಬ್ಬರೂ ಮುಂದೆ ಹೋದವರನ್ನಷ್ಟೇ ಎಣಿಸಿದ್ದೆವು. ಹೋಲಿಕೆಯೇ ನನ್ನನ್ನು ಪರೀಕ್ಷೆಗೆ ಕೂಡಿಸಿತ್ತು, ಅಷ್ಟರ ಮಟ್ಟಿಗೆ ಅದು ಒಳ್ಳೆಯದೇ. ಆದರೆ ಅದೇ ಹೋಲಿಕೆ ಗೆಳೆಯನ ಮನೆಯ ಹಬ್ಬದೂಟವನ್ನೂ ತಪ್ಪಿಸಿತು. ಕಾಲುನೋವಿನ ಸುಳ್ಳನ್ನು ಅಂದೇ ಅವನ ಮುಂದೆ ಒಪ್ಪಿಕೊಂಡೆ. ಅವನು ನಕ್ಕು, ಚಹಾದ ಹಣ ತಾನೇ ಕೊಟ್ಟ.