ಕನ್ನಡ ವ್ಯಾಕರಣದಲ್ಲಿ ವಿಧಿ ಮತ್ತು ಬಳಕೆ

ಭಾಷೆಯ ನಿಯಮಗಳನ್ನು ವಿದ್ವಾಂಸರು ವಿಧಿಸಬೇಕೇ, ಆಡುವವರ ಬಳಕೆಯಿಂದಲೇ ಹೆಕ್ಕಿ ಹೇಳಬೇಕೇ ಎಂಬ ಚರ್ಚೆ ಕನ್ನಡದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಹಿಂದಿನ ವ್ಯಾಕರಣಕಾರರು ನಿಯಮವನ್ನು ಲಕ್ಷಣವೆಂದೂ ಅದಕ್ಕೆ ಆಧಾರವಾದ ಪ್ರಯೋಗವನ್ನು ಲಕ್ಷ್ಯವೆಂದೂ ಕರೆದರು. ಲಕ್ಷ್ಯ ಬೇಕೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಯಾರ ಮಾತು ಲಕ್ಷ್ಯವಾಗಲು ಯೋಗ್ಯ ಎಂಬಲ್ಲಿಯೇ ತೊಡಕು.

ಸುಮಾರು 850ರ ‘ಕವಿರಾಜಮಾರ್ಗ’ ಈ ತೊಡಕನ್ನು ಮುಚ್ಚಿಡುವುದಿಲ್ಲ. ದೇಸಿಗಳು ಬೇರೆ ಬೇರೆಯಾಗಿರುವುದರಿಂದ ಅವುಗಳ ದೋಷಗಳನ್ನೆಲ್ಲ ಎಣಿಸಹೊರಟರೆ ಸಾವಿರ ನಾಲಗೆಯ ವಾಸುಕಿಗೂ ಬೇಸರವಾದೀತು ಎನ್ನುತ್ತದೆ ಆ ಗ್ರಂಥ. ಹಾಗೆಂದು ಅದು ಎಲ್ಲ ದೇಸಿಗಳನ್ನೂ ಸಮವಾಗಿ ಕಾಣಲಿಲ್ಲ. ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ಕನ್ನಡವೇ ತಿರುಳು ಎಂದು ಗೆರೆ ಎಳೆಯಿತು. ಮುಂದೆ ಎರಡನೆಯ ನಾಗವರ್ಮ ‘ಶಬ್ದಸ್ಮೃತಿ’ಯನ್ನು ಕನ್ನಡದಲ್ಲಿ, ‘ಕರ್ಣಾಟಕ ಭಾಷಾಭೂಷಣ’ವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದ.

ಕನ್ನಡ ವ್ಯಾಕರಣವೆಂದರೆ ಇಂದಿಗೂ ಮೊದಲು ನೆನಪಾಗುವುದು ಕೇಶಿರಾಜನ ‘ಶಬ್ದಮಣಿದರ್ಪಣ’ (ಸುಮಾರು 1260). ಅವನನ್ನು ಬರೀ ಕಟ್ಟಳೆಗಾರನೆಂದು ತಳ್ಳಿಹಾಕುವುದು ಅನ್ಯಾಯ. ಅವನು ಸೂತ್ರ ಬರೆದು ಸುಮ್ಮನಾಗದೆ ಕವಿಗಳ ಪ್ರಯೋಗಗಳನ್ನು ಉದ್ದಕ್ಕೂ ಸಾಕ್ಷಿಯಾಗಿ ಒಡ್ಡುತ್ತಾನೆ. ಕಿವಿಗೆ ಹಿತವಾದರೆ ಮಾತ್ರ ಸಂಧಿ ಎಂಬ ಶ್ರುತಿಸಹ್ಯ ಸಂಧಿಯನ್ನೂ ಗಮಕ ಸಮಾಸವನ್ನೂ ಕನ್ನಡದ್ದೇ ಆದ ಲಕ್ಷಣಗಳೆಂದು ಗುರುತಿಸಿದ್ದು ಬಳಕೆಯನ್ನು ಆಲಿಸಿದವನ ಕೆಲಸ. ಆದರೆ ಅವನು ಆಲಿಸಿದ್ದು ಯಾರನ್ನು? ಗಜಗ, ಗುಣನಂದಿ, ಅಸಗ, ಗುಣವರ್ಮ, ಶ್ರೀವಿಜಯ, ಪೊನ್ನ, ಪಂಪ ಮೊದಲಾದವರನ್ನು. ನೂರು ವರ್ಷ ಮೊದಲೇ ಆಡುನುಡಿಯಲ್ಲಿ ವಚನ ಕಟ್ಟಿದ ಬಸವಣ್ಣ, ಅಕ್ಕಮಹಾದೇವಿಯರು ಆ ಸಾಲಿನಲ್ಲಿಲ್ಲ. ಜನರ ನಾಲಗೆಯಿಂದ ಬಹುಮಟ್ಟಿಗೆ ಜಾರಿಹೋಗಿದ್ದ ೞಕಾರದ ಪದಗಳನ್ನು ಅವನು ಶ್ರದ್ಧೆಯಿಂದ ಪಟ್ಟಿಮಾಡಿದ. ಶಾಸನಗಳಲ್ಲಿ ಆ ಅಕ್ಷರದ ಜಾಗಕ್ಕೆ ಆಗಲೇ ಳಕಾರ, ರಕಾರಗಳು ಬಂದಿದ್ದವು. ಕುತೂಹಲದ ಸಂಗತಿಯೆಂದರೆ, ಪ್ರಮಾಣ ಕವಿಗಳನ್ನು ಹೆಸರಿಸುವ ಪದ್ಯದಲ್ಲೇ ಅವನು ಪೊನ್ನನನ್ನು ‘ಹೊನ್ನ’, ಪಂಪನನ್ನು ‘ಹಂಪ’ ಎಂದಿದ್ದಾನೆ. ಪಕಾರ ಹಕಾರವಾಗುತ್ತಿದ್ದ ಕಾಲದ ಉಚ್ಚಾರಣೆ ಅವನ ಲೇಖನಿಯನ್ನೂ ಬಿಡಲಿಲ್ಲ.

ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆಯುವ ಅರಿಸಮಾಸದ ನಿಷೇಧವೂ ಇದೇ ಬಗೆಯದು. ಕೇಶಿರಾಜನೇ ಪೂರ್ವಕವಿಗಳ ಪ್ರಯೋಗಕ್ಕೂ ಬಿರುದುಗಳಿಗೂ ವಿನಾಯಿತಿ ಕೊಟ್ಟ. ಇಂದು ‘ದಿನಗೂಲಿ’, ‘ಮತಗಟ್ಟೆ’ಗಳನ್ನು ತಪ್ಪೆನ್ನುವವರಿಲ್ಲ, ನಿಷೇಧ ಮಾತ್ರ ಪಠ್ಯಪುಸ್ತಕದಲ್ಲಿ ಉಳಿದಿದೆ.

1604ರಲ್ಲಿ ಭಟ್ಟಾಕಳಂಕ ‘ಕರ್ಣಾಟಕ ಶಬ್ದಾನುಶಾಸನ’ವನ್ನು 592 ಸಂಸ್ಕೃತ ಸೂತ್ರಗಳಲ್ಲಿ ಬರೆದು, ಕನ್ನಡವೂ ಶಾಸ್ತ್ರಕ್ಕೆ ಯೋಗ್ಯವೆಂದು ವಾದಿಸಿದ. ಸಮಕಾಲೀನ ಭಾಷೆಗೆ ವ್ಯಾಕರಣ ಬೇಕೆಂಬ ಒತ್ತಡ ಹೆಚ್ಚಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಕನ್ನಡ ಕಲಿಯಬೇಕಾದ ಪಾದ್ರಿಗಳಿಗೂ ಅಧಿಕಾರಿಗಳಿಗೂ ಪಂಪನ ಕಾಲದ ರೂಪಗಳಷ್ಟೇ ಸಾಲುತ್ತಿರಲಿಲ್ಲ. ವಿಲಿಯಂ ಕೇರಿಯ ವ್ಯಾಕರಣ 1817ರಲ್ಲಿ, ಕೃಷ್ಣಮಾಚಾರ್ಯರ ‘ಹೊಸಗನ್ನಡ ನುಡಿಗನ್ನಡಿ’ 1838ರಲ್ಲಿ ಬಂದವು. ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ್ದ ಕಿಟ್ಟೆಲ್ 1903ರ ತನ್ನ ವ್ಯಾಕರಣದಲ್ಲಿ ಹಳಗನ್ನಡ, ನಡುಗನ್ನಡ, ಹೊಸಗನ್ನಡಗಳನ್ನು ಅಕ್ಕಪಕ್ಕದಲ್ಲಿಟ್ಟು ವಿವರಿಸಿದ. ಇದರಿಂದ ರೂಪಗಳ ಬದಲಾವಣೆ ಕೆಡುಕಾಗಿ ಕಾಣದೆ ಚರಿತ್ರೆಯಾಗಿ ಕಂಡಿತು.

ಆಡುಮಾತನ್ನೇ ನೇರವಾಗಿ ವರ್ಣಿಸುವ ಕೆಲಸ 1950ರ ನಂತರ ಬಲಗೊಂಡಿತು. 1958ರಲ್ಲಿ ವಿಲಿಯಂ ಬ್ರೈಟ್ ಆಡುಗನ್ನಡದ ಸ್ವರೂಪವನ್ನು ಪುಸ್ತಕವಾಗಿಸಿದರು. ಪುಣೆಯ ಡೆಕ್ಕನ್ ಕಾಲೇಜು ಅರುವತ್ತರ ದಶಕದಲ್ಲಿ ನಂಜನಗೂಡು, ಗುಲಬರ್ಗಾ, ಹಾಲಕ್ಕಿ ಕನ್ನಡಗಳ ವಿವರಣೆಗಳನ್ನು ಪ್ರಕಟಿಸಿತು. ಶಾಲೆಯಲ್ಲಿ ‘ತಪ್ಪು’ ಎನಿಸಿಕೊಂಡಿದ್ದ ರೂಪಗಳಿಗೂ ಅಚ್ಚುಕಟ್ಟಾದ ಒಳಕಟ್ಟು ಇದೆಯೆಂದು ಇವು ತೋರಿಸಿಕೊಟ್ಟವು. ಊರ ಮಾತಿಗೆ ಇದಕ್ಕಿಂತ ದೊಡ್ಡ ಗೌರವ ಸಂದದ್ದು ಅಪರೂಪ.

ಡಿ. ಎನ್. ಶಂಕರ ಭಟ್ಟರ ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ (2000) ಚರ್ಚೆಯನ್ನು ವಿಶ್ವವಿದ್ಯಾಲಯದಿಂದ ಹೊರಗೆ ತಂದಿತು. ಶಾಲಾ ವ್ಯಾಕರಣ ಸಂಸ್ಕೃತದ ಅಚ್ಚಿಗೆ ಕನ್ನಡವನ್ನು ಒಗ್ಗಿಸುತ್ತಿದೆ ಎಂಬುದು ಅವರ ಆಕ್ಷೇಪ. ಏಳು ವಿಭಕ್ತಿಗಳ ಲೆಕ್ಕ ತುಂಬಲು ಪಂಚಮಿಗೆ ‘ದೆಸೆಯಿಂದ’ ಎಂದು ಬಾಯಿಪಾಠ ಮಾಡಿದ ಮಕ್ಕಳಿಗೆ ಈ ಮಾತಿನ ಹುರುಳು ಬೇಗ ತಿಳಿಯುತ್ತದೆ. ಆದರೆ ಅವರು ಇನ್ನೊಂದು ಹೆಜ್ಜೆ ಮುಂದಿಟ್ಟರು: ಹೆಚ್ಚಿನ ಕನ್ನಡಿಗರ ಉಚ್ಚಾರಣೆಯಲ್ಲಿಲ್ಲದ ಮಹಾಪ್ರಾಣ, ಋ, ಷ ಮುಂತಾದವನ್ನು ಬರಹದಿಂದಲೂ ಬಿಡಬೇಕೆಂದರು. ಬಳಕೆಯ ವರ್ಣನೆಯಿಂದ ಹೊರಟ ವಾದ ಇಲ್ಲಿ ತಾನೇ ಒಂದು ವಿಧಿಯಾಯಿತು. ಈ ಅಕ್ಷರಗಳನ್ನು ಸ್ಪಷ್ಟವಾಗಿ ಉಚ್ಚರಿಸುವವರ ಬಳಕೆಯೂ ಬಳಕೆಯೇ ಅಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಭಟ್ಟರು ತಮ್ಮ ನಂತರದ ಪುಸ್ತಕಗಳನ್ನು ಆ ಬರಹದಲ್ಲೇ ಅಚ್ಚುಮಾಡಿಸಿದರು, ಕೆಲವು ಬರಹಗಾರರೂ ಅದನ್ನು ಹಿಡಿದರು. ಪಠ್ಯಪುಸ್ತಕ, ಪತ್ರಿಕೆ, ಸರಕಾರಿ ಕಡತಗಳಲ್ಲಿ ಹಳೆಯ ಅಕ್ಷರಮಾಲೆಯೇ ನಡೆದಿದೆ.