ಅಂಕಿತ

‘ಮಸೂದೆಗೆ ರಾಷ್ಟ್ರಪತಿ ಅಂಕಿತ’ ಎಂಬುದು ಪತ್ರಿಕೆಗಳ ಸವೆದ ತಲೆಬರಹ. ಸಂಸ್ಕೃತದ ‘ಅಂಕ’ ಎಂದರೆ ಗುರುತು. ಅಂಕಿತ ಎಂದರೆ ಗುರುತು ಒತ್ತಿದ್ದು. ಕನ್ನಡದಲ್ಲಿ ಈ ಪದ ಹಬ್ಬಿರುವ ಪರಿ ದೊಡ್ಡದು. ವ್ಯಾಕರಣದಲ್ಲಿ ಅಂಕಿತನಾಮವಿದೆ. ಬಸವಣ್ಣನವರಿಗೆ ‘ಕೂಡಲಸಂಗಮದೇವ’, ಪುರಂದರದಾಸರಿಗೆ ‘ಪುರಂದರವಿಠಲ’ ಅಂಕಿತ.

ವಚನಕಾರರ ಅಂಕಿತ ಅವರವರ ಸ್ವಂತ ಮಾತಿಗೆ ಬೀಳುತ್ತದೆ. ರಾಷ್ಟ್ರಪತಿಯದು ಹಾಗಲ್ಲ: ಹಾಡು ಸಂಪುಟದ್ದು, ಅಂಕಿತ ಮಾತ್ರ ಅವರದು!

ಸಂವಿಧಾನದ 74ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕು. 1976ರ 42ನೇ ತಿದ್ದುಪಡಿ ಇದನ್ನು ಸ್ಪಷ್ಟ ಅಕ್ಷರಗಳಲ್ಲಿ ಬರೆಯಿತು; 1978ರ 44ನೇ ತಿದ್ದುಪಡಿ, ಮರುಪರಿಶೀಲನೆಗೆ ಒಮ್ಮೆ ಹಿಂತಿರುಗಿಸುವ ಅವಕಾಶ ಕೊಟ್ಟಿತು. ಅದೇ ಸಲಹೆ ಮತ್ತೆ ಬಂದರೆ ಸಹಿ ಹಾಕಲೇಬೇಕು.

ಆ ‘ಒಮ್ಮೆ’ ಸಣ್ಣದೇನಲ್ಲ. 1997ರಲ್ಲಿ ಉತ್ತರ ಪ್ರದೇಶದಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ ಶಿಫಾರಸನ್ನು ಕೆ.ಆರ್. ನಾರಾಯಣನ್ ಹಿಂದಕ್ಕೆ ಕಳಿಸಿದರು. ಗುಜ್ರಾಲ್ ಸಂಪುಟ ಅದನ್ನು ಅಲ್ಲಿಗೇ ಕೈಬಿಟ್ಟಿತು. ಮರುವರ್ಷ ಬಿಹಾರದ ಶಿಫಾರಸೂ ವಾಪಸಾಯಿತು. ವಾಜಪೇಯಿ ಸಂಪುಟ 1999ರಲ್ಲಿ ಅದನ್ನೇ ಮತ್ತೆ ಕಳಿಸಿದಾಗ ಅವರು ಸಹಿ ಹಾಕಿದರು.

ಮಸೂದೆಗಳಿಗೆ 111ನೇ ವಿಧಿಯಿದೆ. ಹಣಕಾಸು ಮಸೂದೆಯಲ್ಲದಿದ್ದರೆ ಸಂಸತ್ತಿಗೆ ಹಿಂತಿರುಗಿಸಬಹುದು. 2006ರಲ್ಲಿ ಲಾಭದಾಯಕ ಹುದ್ದೆ ಮಸೂದೆಯನ್ನು ಅಬ್ದುಲ್ ಕಲಾಂ ಹಾಗೆ ಹಿಂತಿರುಗಿಸಿದರು. ಸಂಸತ್ತು ಪುನಃ ಅಂಗೀಕರಿಸಿದ ಮೇಲೆ ಅಂಕಿತ ಹಾಕಿದರು. ಆದರೆ ಇಷ್ಟು ದಿನದೊಳಗೆ ಸಹಿ ಹಾಕಬೇಕೆಂದು ಆ ವಿಧಿ ಹೇಳಿಲ್ಲ. ಜಾಣತನದಿಂದ ಈ ಸಂದಿಯನ್ನು ಬಳಸಿದವರು ಜೈಲ್ ಸಿಂಗ್: ಜನರ ಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ಅಧಿಕಾರ ಕೊಡುತ್ತಿದ್ದ 1986ರ ಅಂಚೆ ಮಸೂದೆಗೆ ಒಪ್ಪಿಗೆಯನ್ನೂ ಕೊಡಲಿಲ್ಲ, ಹಿಂತಿರುಗಿಸಲೂ ಇಲ್ಲ. ಆ ಮಸೂದೆ ಕಾನೂನಾಗಲೇ ಇಲ್ಲ.